ಅಳತೆಗೆ ಸಿಗದ ಎಡಗಣ್ಣು

"ದೂರದ ಅಕ್ಷರ ನೋಡಿ" ಎಂದ ಕಣ್ಣಾಸ್ಪತ್ರೆಯ ಸಹಾಯಕ.

"ನೋಡ್ತಾ ಇದ್ದೀನಲ್ಲ" ಎಂದಳು ಅವಳು. ಹಸಿ ಸುಳ್ಳು! ನೋಡುತ್ತಿದ್ದದ್ದು ಅವನನ್ನು.

ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಹುಡುಗಿ. ಎಡಗಣ್ಣು ಮೂಗಿನ ಕಡೆ ಸರಿದಿತ್ತು. ಅವಳು ಒಬ್ಬ ಗಿರಾಕಿಯನ್ನು ಕೇಳಿದರೆ ಪಕ್ಕದವರು ಉತ್ತರಿಸುತ್ತಿದ್ದರು. ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಆದರೂ ನೇರ ಕಣ್ಣು ಬೇಕೆನಿಸಿತ್ತು, ತನಗೋಸ್ಕರ.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ಕನ್ನಡಕದಿಂದ ಅರ್ಧ ಸರಿಹೋಗಿದೆ. ಈ ಥರದ ಮೆಳ್ಳೆಗಣ್ಣಿಗೆ ವ್ಯಾಯಾಮ ಸಾಲಲ್ಲ. ಕನ್ನಡಕಕ್ಕೆ ಪ್ರಿಸಂ ಗಾಜು ಹಾಕ್ಬಹುದು, ಇಲ್ಲ ಆಪರೇಷನ್ ಮಾಡಿ ಸ್ನಾಯು ಸರಿಮಾಡ್ಬಹುದು."

"ಆಪರೇಷನ್ನೇ ಮಾಡಿ."

"ಮಾಡೋಣಮ್ಮ. ಆದ್ರೆ ಕಣ್ಣು ಎಷ್ಟು ಸರಿದಿದೆ ಅನ್ನೋ ಅಳತೆ ಪ್ರತಿ ಸಲ ಒಂದೇ ಬರ್ಬೇಕು."

ಆ ಅಳತೆ ತೆಗೆಯುವವನೇ ಇವನು. ಒಂದು ಕಣ್ಣು ಮುಚ್ಚಿ, ಇನ್ನೊಂದು ಎಷ್ಟು ಅಲುಗುತ್ತದೆಂದು ನೋಡುವ ಕೆಲಸ. ಮುಖ ಅಷ್ಟು ಹತ್ತಿರವಿರುವಾಗ... ಗೋಡೆಯ ಅಕ್ಷರ ಯಾರಿಗೆ ಬೇಕು? ಹತ್ತಿರ ನೋಡಿದರೆ ಆ ಕಣ್ಣು ಇನ್ನಷ್ಟು ಒಳಗೆ ಸರಿಯುತ್ತದೆಂದು ಪಾಪ, ಅವಳಿಗೇನು ಗೊತ್ತು. ಅಳತೆ ಪ್ರತಿ ಸಲವೂ ಬೇರೆ ಬಂತು.

ಒಂದು ದಿನ ಅವನ ಜಾಗದಲ್ಲಿ ಹಿರಿಯ ಸಹಾಯಕಿ ಕೂತಿದ್ದರು. "ನಿಮ್ಮ ಅಳತೆ ನಾನು ತೆಗೀಬೇಕಂತ ಅವ್ನೇ ಕೇಳ್ಕೊಂಡ" ಎಂದರು.

'ಅವ್ರಿಗೆ ನನ್ನ ಕಣ್ಣು ನೋಡಿ ನೋಡಿ ಸಾಕಾಯ್ತೇನೋ...' ಸಿಟ್ಟಿನಲ್ಲಿ ಗೋಡೆಯ ಅಕ್ಷರವನ್ನೇ ದುರುಗುಟ್ಟಿ ನೋಡಿದಳು. ಆಮೇಲಿನ ಭೇಟಿಗಳಲ್ಲೂ ಹಾಗೇ ನೋಡಿದಳು. ಅಳತೆ ಪ್ರತಿ ಸಲವೂ ಒಂದೇ ಬಂತು!

ಡಾಕ್ಟರಮ್ಮ ಆಪರೇಷನ್ನಿಗೆ ದಿನ ಗೊತ್ತುಮಾಡಿ, ಅವಳ ಎದುರೇ ಅವನನ್ನು ಕರೆಸಿದರು. "ನಿನ್ನ ಕೈ ಇನ್ನೂ ಪಳಗಿಲ್ಲಪ್ಪ. ಅಳತೆ ಕೆಲಸ ಬಿಟ್ಬಿಡು."

ಅವನು ತಲೆತಗ್ಗಿಸಿದ. "ಹೌದು ಮೇಡಂ. ನನ್ನ ತಪ್ಪಿಂದ ಇವ್ರ ಕಣ್ಣಿಗೆ ಏನಾದ್ರೂ ಆದ್ರೆ ಅಂತ ಹೆದ್ರಿ, ನಾನೇ ಬಿಟ್ಕೊಟ್ಟೆ."

ಸಾಕಾಗಿ ಅಲ್ಲ... ಹೆದರಿ! ಅವಳ ಸಿಟ್ಟು ಜರ್ರೆಂದು ಇಳಿಯಿತು.

"ತಪ್ಪು ಇವ್ರದ್ದಲ್ಲ ಮೇಡಂ" ಎಂದಳು. "ಅಕ್ಷರ ನೋಡಿ ಅಂದಾಗೆಲ್ಲ ನಾನು ಇವ್ರನ್ನೇ ನೋಡ್ತಿದ್ದೆ. ಇವ್ರು ಅಂದ್ರೆ ನಂಗೆ ಇಷ್ಟ."

ಡಾಕ್ಟರಮ್ಮ ನಗು ಮರೆಸಲು ಬಾಯಿಗೆ ಕೈ ಅಡ್ಡ ಹಿಡಿದರು. "ಕಣ್ಣು ಎಲ್ಲಿ ನೋಡ್ತಿದೆ ಅನ್ನೋದೇ ಅಲ್ವೇನಯ್ಯ ನಿನ್ನ ಕೆಲಸ? ಗೊತ್ತಾಗ್ಲಿಲ್ವಾ?"

"ಇವ್ರ ಕಣ್ಣು ನೋಡ್ತಾ ಕೂತ್ರೆ..." ಅವನ ಕಿವಿ ಕೆಂಪಾಯಿತು. "ನಂಗೆ ಅಳತೆನೇ ಮರ್ತೋಗ್ತಿತ್ತು ಮೇಡಂ. ಅದಕ್ಕೇ ತಪ್ಪು ನಂದೇ ಅಂದ್ಕೊಂಡೆ."

"ಸರಿಹೋಯ್ತು. ಇನ್ಮುಂದೆ ಇವಳೊಬ್ಬಳನ್ನ ಬಿಟ್ಟು ಎಲ್ರ ಅಳತೆ ತೆಗಿ, ಹೋಗು."

ಹೊರಗೆ ಬಂದಮೇಲೆ ಅವಳೇ ಕೇಳಿದಳು. "ಆಪರೇಷನ್ ದಿನ ಇರ್ತೀರಾ?"

"ಡ್ಯೂಟಿ ಇದೆಯಲ್ಲ. ಇದ್ದೇ ಇರ್ತೀನಿ."

"ಹಾಗಲ್ಲ. ನನ್ನವ್ರಾಗಿ, ಹೊರಗಡೆ ಕಾಯ್ತಾ..."

ಅವನು ಅವಳ ಕೈ ಹಿಡಿದುಕೊಂಡ. "ರಜ ಹಾಕ್ತೀನಿ."