ಮುನ್ನೂರ ಹನ್ನೆರಡು ತುಣುಕಿನ ಹೂಜಿ

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವಸ್ತುಸಂಗ್ರಹಾಲಯದ ಮುಖ್ಯಸ್ಥರು ಬೆವರೊರೆಸಿಕೊಳ್ಳುತ್ತ ಠಾಣೆಯ ಮೆಟ್ಟಿಲು ಹತ್ತಿದರು. ಉಗ್ರಾಣದ ಕಪಾಟಿನಲ್ಲಿದ್ದ ನೀಲಿ ಗಾಜಿನ ಹೂಜಿ ಕಾಣೆಯಾಗಿದೆ, ಬೀಗ ಹಾಕಿದ್ದು ಹಾಕಿದ ಹಾಗೇ ಇದೆ ಎಂಬುದು ದೂರಿನ ಸಾರ.

ಅದನ್ನು ಬರೆದುಕೊಂಡವಳು ಮಹಿಳಾ ಕಾನ್‌ಸ್ಟೆಬಲ್. ಠಾಣೆಯಲ್ಲಿ ಅವಳಿಗೆ ನೆರಳಮ್ಮ ಎಂದೇ ಹೆಸರು. ತಿಂಗಳ ಅಪರಾಧ ಪರಿಶೀಲನಾ ಸಭೆಗೆ ಸ್ಲೈಡು ಮಾಡುವ ಕೆಲಸ ಅವಳ ಕೊರಳಿಗೆ ಬಿದ್ದು ನಾಲ್ಕು ವರ್ಷವಾಗಿತ್ತು. ಸ್ಲೈಡಿನಲ್ಲಿ ಸರಗಳ್ಳತನದ ಅಂಕಿ ಬರೆದ ಚೌಕಕ್ಕೂ ದೊಂಬಿಯ ದುಂಡಿಗೂ ಒಂದೊಂದು ನೆರಳು ಅಂಟಿಸದೆ ಅವಳಿಗೆ ಸಮಾಧಾನವಿರಲಿಲ್ಲ. ಕಳ್ಳರು ಕೈಗೆ ಸಿಗದಿದ್ದರೂ ಅವರ ನೆರಳಾದರೂ ನಮ್ಮ ಹತ್ತಿರ ಇದೆಯಲ್ಲ ಎಂದು ಇನ್ಸ್‌ಪೆಕ್ಟರ್ ತುಂಬಿದ ಸಭೆಯಲ್ಲೇ ನಗಾಡಿದ್ದರು.

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಉಗ್ರಾಣದಲ್ಲಿ ಪಂಚನಾಮೆ. ಸಂಗ್ರಹಾಲಯದ ತೋಟಗಾರನೂ ಎದುರಿನ ಅಂಗಡಿಯ ದರ್ಜಿಯೂ ಪಂಚರು. ಇನ್ಸ್‌ಪೆಕ್ಟರ್ ಹೇಳುತ್ತ ಹೋದರು, ನೆರಳಮ್ಮ ಬರೆಯುತ್ತ ಹೋದಳು: ಕಪಾಟು ಮರದ್ದು. ಬೀಗಕ್ಕೆ ಗೀರು ಬಿದ್ದಿಲ್ಲ. ಮೂರನೇ ಹಲಗೆ ಖಾಲಿ. ಅದರ ಮೇಲೆ ಎಲ್ಲೆಡೆ ಒಂದೇ ಸಮನಾದ ಧೂಳು.

ಕಪಾಟಿನ ಬೀಗದಕೈ ಇದ್ದದ್ದು ಇಬ್ಬರ ಬಳಿ. ಒಬ್ಬ ಹನ್ನೊಂದು ವರ್ಷದಿಂದ ಬಾಗಿಲು ಕಾಯುವ ಕಾವಲುಗಾರ. ಇನ್ನೊಬ್ಬಳು ಹತ್ತೊಂಬತ್ತು ವರ್ಷದಿಂದ ವಸ್ತುಗಳ ಪಟ್ಟಿ ನೋಡಿಕೊಳ್ಳುವ ಹೆಂಗಸು. ಎಲ್ಲರ ಬಾಯಲ್ಲೂ ಪಟ್ಟಿಯಕ್ಕ. ಹೊಸ ಕಟ್ಟಡಕ್ಕೆ ವಸ್ತುಗಳನ್ನು ಸಾಗಿಸುವ ಬಗ್ಗೆ ಮೂರನೇ ತಾರೀಖು ನಡೆದ ಸಭೆಯಲ್ಲಿ ಅವಳೇ ಸ್ಲೈಡು ತೋರಿಸಿದ್ದಳು. ಅದರಲ್ಲಿ ಹೂಜಿಯ ಚಿತ್ರವಿತ್ತು, ಕೆಳಗೆ ‘ಎರಡನೇ ತಾರೀಖು ತೆಗೆದದ್ದು’ ಎಂಬ ಸಾಲು. ನಾಲ್ಕರಿಂದ ಹನ್ನೆರಡರವರೆಗೆ ಅವಳು ರಜೆಯಲ್ಲಿದ್ದಳು, ಶಸ್ತ್ರಚಿಕಿತ್ಸೆಯಾದ ತಂಗಿಯ ಆರೈಕೆಗೆ. ಅಂದರೆ ಆ ಒಂಬತ್ತು ದಿನ ಕಪಾಟಿಗೂ ಕಾವಲುಗಾರನಿಗೂ ನಡುವೆ ಯಾರೂ ಇರಲಿಲ್ಲ. ಲೆಕ್ಕ ಸರಿಹೋಯಿತು. ಹದಿನೈದನೇ ತಾರೀಖು ಸಂಜೆ ಐದಕ್ಕೆ ಅವನನ್ನು ಬಂಧಿಸಲಾಯಿತು.

“ಹೂಜಿ ಎಲ್ಲಿ?” ಇನ್ಸ್‌ಪೆಕ್ಟರ್ ಕೇಳಿದರು.

“ಅದು ನೀಲಿ ಅಂತ ಗೊತ್ತಾಗಿದ್ದೇ ನಿಮ್ಮ ಬಾಯಿಂದ ಸಾರ್.”

“ಹನ್ನೊಂದು ವರ್ಷ ಕಾದೋನಿಗೆ ಬಣ್ಣ ಗೊತ್ತಿಲ್ವಾ?”

“ನಾನು ಕಾದಿದ್ದು ಬಾಗಿಲು. ಒಳಗೇನಿದೆ ಅಂತ ಯಾರೂ ನನ್ನ ಕರೆದು ತೋರಿಸ್ಲಿಲ್ಲ.”

ಅವನ ಹೆಂಡತಿ ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮರುದಿನ ಮೂರು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ಅಲ್ಲಿಂದ ಜೈಲಿಗೆ ಹೋದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

ಹದಿನಾರನೇ ತಾರೀಖು ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ನೆರಳಮ್ಮ ಬೇರೆ ಠಾಣೆಗಳಿಗೆ ಕಳಿಸುವ ಪ್ರಕಟಣೆ ತಯಾರಿಸಲು ಕೂತಳು. ಕಡತದಲ್ಲಿದ್ದ ಮುದ್ರಿತ ಚಿತ್ರ ಮಸುಕಾಗಿತ್ತು. ಮುಖ್ಯಸ್ಥರನ್ನು ಕೇಳಿದ್ದಕ್ಕೆ ಅವರು ಮೂಲ ಪ್ರೆಸೆಂಟೇಶನ್ನನ್ನೇ ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದ್ದರು. ಚಿತ್ರವನ್ನು ಕತ್ತರಿಸಿಕೊಳ್ಳೋಣವೆಂದು ಅವಳು ಅದರ ಮೇಲೆ ಎರಡು ಸಲ ಒತ್ತಿ ಮೌಸ್ ಎಳೆದಳು.

ಹೂಜಿಯ ಹಿಡಿ ಮಾತ್ರ ಕಿತ್ತು ಬಂತು.

ಅವಳು ಕೈ ಹಿಂದೆಗೆದಳು. ನಿಜವಾಗಿಯೂ ಏನನ್ನೋ ಮುರಿದವಳ ಹಾಗೆ. ಹಿಡಿಯ ಸುತ್ತ ಎಂಟು ಪುಟ್ಟ ಬಿಳಿ ಚುಕ್ಕೆಗಳು ನಿಂತಿದ್ದವು. ಆ ಚುಕ್ಕೆಗಳನ್ನು ಅವಳು ದಿನಾ ನೋಡುತ್ತಿದ್ದಳು, ತನ್ನ ಚೌಕಗಳ ಸುತ್ತ. ಹೂಜಿಯ ಬಾಯಿ ಒತ್ತಿದಳು, ಅದೂ ಬೇರೆಯಾಯಿತು. ಕುತ್ತಿಗೆ, ಹೊಟ್ಟೆ, ಹೊಟ್ಟೆಯ ಮೇಲಿನ ಹೊಳಪು, ಹೊಳಪಿನೊಳಗಿನ ಇನ್ನೊಂದು ಹೊಳಪು. ಒಂದರ ಮೇಲೊಂದು ಪೇರಿಸಿದ ದುಂಡು, ಕಮಾನು, ಬಾಗಿದ ಗೆರೆ. ತುಣುಕುಗಳ ಪಟ್ಟಿ ತೆರೆದು ಎಣಿಸಿದರೆ ಮುನ್ನೂರ ಹನ್ನೆರಡು.

ಅವಳ ನೆರಳುಗಳೆಲ್ಲ ಯಂತ್ರ ಕೊಟ್ಟವು: ಅದೇ ಕಪ್ಪು, ಅದೇ ಓರೆ. ಇಲ್ಲಿ ಯಾವುದೂ ಯಂತ್ರ ಕೊಟ್ಟದ್ದಲ್ಲ. ಹೂಜಿಯ ನೆರಳಿಗೆ ಕಪ್ಪಿನ ಬದಲು ಕಡುನೀಲಿ, ಶೇಕಡ ಎಪ್ಪತ್ತೊಂದರಷ್ಟು ಪಾರದರ್ಶಕ, ಬುಡದಲ್ಲಿ ಚೂಪು, ದೂರ ಹೋದಂತೆ ಮಬ್ಬು. ಆ ನೆರಳಿನ ನಡುವೆ, ಗಾಜು ತೂರಿ ಬಂದ ಬೆಳಕಿನ ಹಾಗೆ, ಅಂಚೆಲ್ಲ ಕರಗಿಸಿಟ್ಟ ಒಂದು ತಿಳಿಕಲೆ. ಹಿಡಿಯ ಒಳಮೈಗೆ ಬೆರಳು ತಾಗಿ ತಾಗಿ ಸವೆದಂಥ ಉಬ್ಬು. ಕುತ್ತಿಗೆಯ ಹತ್ತಿರ ಎಳ್ಳಿಗಿಂತ ಸಣ್ಣದೊಂದು ದುಂಡು, ಅದರ ಸುತ್ತ ಕಂಡೂ ಕಾಣದ ಮಿಂಚು. ಗಾಜಿನೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಅದು.

ಅಜ್ಜಿಯ ಕತೆಯಲ್ಲಿ ಹೊಗೆಯಿಂದ ಎದ್ದ ಅರಮನೆಯೊಂದಿತ್ತು. ಅದಕ್ಕೆ ಎಷ್ಟು ಕಂಬ ಎಂದು ಕೇಳಿದರೆ, ಎಣಿಸಬೇಡ ಮಗಾ, ಎಣಿಸಿದರೆ ಮಾಯವಾಗುತ್ತೆ ಎನ್ನುತ್ತಿದ್ದಳು. ನೆರಳಮ್ಮ ಎಣಿಸಿಯೂ ನೋಡಿದ್ದಳು. ಹೂಜಿ ಮಾಯವಾಗಲಿಲ್ಲ.

ಇನ್ಸ್‌ಪೆಕ್ಟರ್ ಬಂದು ಹಿಂದೆ ನಿಂತರು.

“ಏನಮ್ಮ, ಸಾಕ್ಷಿಯ ಕೈ ಮುರಿದ್ಯಾ?”

“ಇದು ಫೋಟೋ ಅಲ್ಲ ಸಾರ್. ಕೂತು ಕಟ್ಟಿದ್ದು.”

ಅವರು ಕುರ್ಚಿ ಎಳೆದುಕೊಂಡರು. ಅವಳು ಹಿಡಿಯನ್ನು ತೆಗೆದು ಮತ್ತೆ ಕೂಡಿಸಿ ತೋರಿಸಿದಳು. ಇನ್ನೊಂದ್ಸಲ ತೋರಿಸು ಎಂದರು ಅವರು.

ಅವಳು ಪಂಚನಾಮೆ ಬಿಡಿಸಿ ತನ್ನದೇ ಅಕ್ಷರದ ಮೇಲೆ ಬೆರಳಿಟ್ಟಳು: ಒಂದೇ ಸಮನಾದ ಧೂಳು. ಮೊನ್ನೆ ಮೊನ್ನೆಯವರೆಗೆ ಹೂಜಿ ಅಲ್ಲಿದ್ದಿದ್ದರೆ ಅದರ ಬುಡದಷ್ಟು ಜಾಗವಾದರೂ ಬಳೆಯಂತೆ ಸ್ವಚ್ಛವಾಗಿರಬೇಕಿತ್ತು. ಬರೆದವಳೇ ಅದನ್ನು ಗಮನಿಸಿರಲಿಲ್ಲ. ಪ್ರೆಸೆಂಟೇಶನ್ನನ್ನು ಕೊನೆಯ ಬಾರಿ ತಿದ್ದಿದ ದಿನವೂ ಕಂಪ್ಯೂಟರಿನಲ್ಲಿ ದಾಖಲಾಗಿತ್ತು: ಹದಿಮೂರನೇ ತಾರೀಖು, ಮಧ್ಯಾಹ್ನ ಒಂದು ಹತ್ತು. ಸಭೆ ಮುಗಿದು ಹತ್ತು ದಿನದ ಮೇಲೆ.

ಹನ್ನೊಂದೂಕಾಲಿಗೆ ಇಬ್ಬರೂ ಪಟ್ಟಿಯಕ್ಕನ ಕೋಣೆಯಲ್ಲಿದ್ದರು. ಒಂದು ಮೇಜು, ಒಂದು ಕಿಟಕಿ, ಗೋಡೆಯುದ್ದಕ್ಕೂ ಕಡತ.

“ಹೂಜಿ ಯಾವಾಗ ಒಡೀತು?” ಇನ್ಸ್‌ಪೆಕ್ಟರ್ ಕೇಳಿದರು.

ಯಾರು ಕದ್ದರು ಎಂಬ ಪ್ರಶ್ನೆಗೆ ಅವಳು ಸಿದ್ಧಳಾಗಿದ್ದಿರಬೇಕು. ಇದಕ್ಕೆ ಸಿದ್ಧಳಿರಲಿಲ್ಲ.

“ಹೋದ ವರ್ಷ.”

“ಹೇಗೆ?”

“ಬೆಳಕಿಗೆ ಹಿಡಿದಿದ್ದೆ. ದಿನಾ ಊಟದ ಹೊತ್ತಲ್ಲಿ ಹಿಡೀತಿದ್ದೆ. ಅವತ್ತು ಕೈ ಜಾರ್ತು.”

“ಚೂರು?”

ಅವಳು ಕೆಳಗಿನ ಖಾನೆ ಎಳೆದಳು. ಹತ್ತಿಯ ಹಾಸಿಗೆಯ ಮೇಲೆ ನೀಲಿ ಚೂರುಗಳು, ಪ್ರತಿಯೊಂದರ ಪಕ್ಕದಲ್ಲೂ ಸಂಖ್ಯೆಯ ಚೀಟಿ. ಫೋಟೋ ಯಾರೂ ತೆಗೆದಿರಲಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ನೆನಪಿನಿಂದ ಅದರ ಚಿತ್ರ ಬರೆಯತೊಡಗಿದ್ದಳಂತೆ, ಮರೆತುಹೋಗುವ ಮೊದಲು. ಸಭೆಯವರು ಚಿತ್ರ ಕೇಳಿದಾಗ ಅದನ್ನೇ ಇಟ್ಟಳು. ಚೂರುಗಳನ್ನು ಪೆಟ್ಟಿಗೆಗೆ ತುಂಬಿ, ಸಾಗಿಸುವಾಗ ಒಡೆಯಿತು ಅನ್ನಿಸಿಬಿಡುವ ಲೆಕ್ಕವಿತ್ತು; ಮುಖ್ಯಸ್ಥರು ಅದಕ್ಕೆ ಒಂದು ದಿನ ಮೊದಲೇ ಕಾವಲುಗಾರನಿಂದ ಬೀಗದಕೈ ಪಡೆದು ಕಪಾಟು ತೆರೆದರು.

“ಕಾವಲುಗಾರನ್ನ ಕರ್ಕೊಂಡು ಹೋದಾಗ ಇಲ್ಲೇ ಇದ್ರಲ್ಲ?”

“ಇದ್ದೆ.”

“ಬಾಯಿ ಬಿಡ್ಲಿಲ್ಲ.”

“ಬಿಡ್ಲಿಲ್ಲ.”

“ಅಕ್ಕ,” ನೆರಳಮ್ಮ ತಡೆಯಲಾರದೆ ಕೇಳಿದಳು, “ಎಲ್ಲ ಸೇರಿಸಿ ಒಂದೇ ಚಿತ್ರ ಮಾಡಿ ಉಳಿಸಿಬಿಟ್ಟಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ.”

ಪಟ್ಟಿಯಕ್ಕ ಅವಳನ್ನು ವಿಚಿತ್ರವಾಗಿ ನೋಡಿದಳು. “ಹಾಗೆ ಮಾಡಿದ್ರೆ ಮತ್ತೆ ತಿದ್ದೋಕಾಗಲ್ವಲ್ಲ.”

ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಹನ್ನೆರಡೂವರೆಗೆ ಅವಳನ್ನು ಬಂಧಿಸಲಾಯಿತು. ಚೂರುಗಳು, ಕಂಪ್ಯೂಟರು ಜಪ್ತಿಯಾದವು. ಮೂರು ಗಂಟೆಗೆ ನ್ಯಾಯಾಲಯಕ್ಕೆ ಹೊಸ ವರದಿ ಹೋಗಿ ಕಾವಲುಗಾರ ಬಿಡುಗಡೆಯಾದ. ತನ್ನ ಬೆಲ್ಟು, ಗಡಿಯಾರ ತೆಗೆದುಕೊಳ್ಳಲು ಠಾಣೆಗೆ ಬಂದವನು ಬೆಂಚಿನ ಮೇಲೆ ಕೂತಿದ್ದ ಪಟ್ಟಿಯಕ್ಕನ ಮುಂದೆ ನಿಂತ.

“ನನ್ನ ಹೆಂಡತಿ ಕೂತಿದ್ದೂ ಇಲ್ಲೇ ಅಕ್ಕ.”

ಅವನು ನೆರಳಮ್ಮನ ಕಡೆ ತಿರುಗಿ, ಆ ಹೂಜಿಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದ. ಅವಳು ಪರದೆ ಅವನತ್ತ ತಿರುಗಿಸಿದಳು. ಅವನು ಬಗ್ಗಿ ನೋಡಿದ. ಬೆಲ್ಟು ಕೈಯಲ್ಲೇ ಉಳಿಯಿತು.

“ಇಷ್ಟು ಚೆನ್ನಾಗಿರೋದನ್ನಾ ನಾನು ಕದ್ದಿದ್ದು,” ಎಂದ ಮೆಲ್ಲಗೆ.

ಆಗ ಪಟ್ಟಿಯಕ್ಕ ಎದ್ದು ಬಂದಳು. ಪರದೆಯ ಹತ್ತಿರ ಮುಖ ತಂದು ಕುತ್ತಿಗೆಯ ಬಳಿಯ ಗುಳ್ಳೆಯನ್ನು ಬೆರಳಿಂದ ತೋರಿದಳು.

“ಇದು ಕೂದಲೆಳೆಯಷ್ಟು ಎಡಕ್ಕೆ ಬರ್ಬೇಕು. ಒಂದೇ ಒಂದ್ಸಲ ಸರಿಸ್ಲಾ?”

“ಸಾಕ್ಷ್ಯ ಅಕ್ಕ. ಇನ್ನು ಯಾರೂ ಮುಟ್ಟೋ ಹಾಗಿಲ್ಲ.”

ಪಟ್ಟಿಯಕ್ಕ ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಹಿಡಿದು, ಆಮೇಲೆ ಸೆರಗಿನೊಳಗೆ ಎಳೆದುಕೊಂಡಳು.