ನೂಲ ಹುಣ್ಣಿಮೆಗೆ ಮುಂಚೆ ಹೋದ ದೋಣಿ

೧೯೬೦ರ ಜುಲೈ ೧೧, ಸೋಮವಾರ. ಕೂಲಿಗಳಿಗೆ ಗಂಜಿ ಬೇಯಿಸಿ ಮಾರುವ ಗಣಪಿ ಹೊನ್ನಾವರ ಠಾಣೆಯ ಮೆಟ್ಟಿಲ ಮೇಲೆ ನಿಂತು ಸೆರಗು ಹಿಂಡುತ್ತಿದ್ದಳು.

"ಒಡ್ಯಾ, ಸಾಮಿಲ್ಲಿನ ಬಾಬ್ಲೋ ಕಾಣೂದಿಲ್ಲ. ಮೊನ್ನೆ ಗರಗಸಕ್ಕೆ ಕೈ ಸಿಕ್ಕಿತ್ತು. ಕೂಗಿದ್ದು ನನ್ನ ಒಲೆವರೆಗೂ ಕೇಳ್ತು."

"ಆವತ್ತೇ ಎಂತಕ್ಕೆ ಬರ್ಲಿಲ್ಲ?" ಫೌಜದಾರ ಕಮಲಾಕರ ಕೇಳಿದ.

"ಅವ ಗೋವೆಯವ, ಪೋರ್ಚುಗೀಸರ ಗಡಿ ದಾಟಿ ಬಂದವ, ಕಾಗದ ಇಲ್ಲ. ಪೊಲೀಸರಂದ್ರೆ ಅವಂಗೆ ಹುಲಿ ಕಂಡಂಗೆ. ನಂಗೂ ನೀವೇನು ಮೊಲ ಅಲ್ಲ."

ಹವಾಲ್ದಾರ ಜಟ್ಟ ನಕ್ಕ. ಕಮಲಾಕರ ನಗಲಿಲ್ಲ, ದೂರು ಬರೆಸಿಕೊಂಡು, ಎಫ್.ಐ.ಆರ್. ದಾಖಲಿಸಿ ಟೊಪ್ಪಿಗೆ ಕೈ ಹಾಕಿದ.

ಸಾಮಿಲ್ಲಿನ ಯಜಮಾನ ನಾಗಪತಿ ಘಟ್ಟದ ಮೇಲಿನಿಂದ ಬಂದು ಎರಡು ವರ್ಷವಾಗಿತ್ತಷ್ಟೆ. ವೀಳ್ಯದ ತಟ್ಟೆ ಮುಂದಿಟ್ಟ.

"ಬಾಬ್ಲೋ ಎಲ್ಲಿ?"

"ಊರಿಗೆ ಹೋದ, ಸಾಹೇಬ್ರೆ. ರಸ್ತೆಯಲ್ಲಿ ಪೊಲೀಸ್ ಚೌಕಿ ಇದ್ಯಲ್ಲ, ಮಚವೆ ದೋಣಿ ಹತ್ತಿಸಿ ಸಮುದ್ರದ ಮೇಲೆ ಕಳಿಸಿದೆ."

"ಯಾವಾಗ?"

"ನಿನ್ನೆ ಬೆಳಿಗ್ಗೆ."

ಕಮಲಾಕರ ಕಡಲತಡಿಯ ಮಂಕಿ ಊರಿನ ಮಗ. ಮಳೆಗಾಲದಲ್ಲಿ, ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಡುವ ತನಕ, ದೋಣಿ ನಡೆಸುವ ಯಾವ ತಾಂಡೇಲನೂ ಅಳಿವೆ ದಾಟುವುದಿಲ್ಲ. ಹುಣ್ಣಿಮೆಗೆ ಇನ್ನೂ ವಾರಗಳಿದ್ದವು. ಮಚವೆಗಳೆಲ್ಲ ದಂಡೆಯ ಮೇಲೆ ತೆಂಗಿನ ಮಡಲು ಹೊದ್ದು ಮಲಗಿದ್ದವು.

"ಜಟ್ಟ, ಎಲ್ಲ ಬಾಗಿಲು ತೆಗೆಸು."

ಮರದ ಪುಡಿ ತುಂಬುವ ಕೋಣೆಗೆ ಹೊರಗಿನಿಂದ ಬೀಗ. ಒಳಗೆ ಗೋಣಿ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಬಾಬ್ಲೋ ಜ್ವರದಲ್ಲಿ ನಡುಗುತ್ತಿದ್ದ. ಖಾಕಿ ಕಂಡದ್ದೇ ಮೂಲೆಗೆ ಸರಿದ.

"ಗಡಿಯಾಚೆ ಹಾಕ್ಬೇಡಿ ಒಡ್ಯಾ. ನಾ ಕೇಸು ಮಾಡುದಿಲ್ಲ."

"ಕೇಸು ಮಾಡುದು ನಾನು. ನೀ ಮೊದಲು ಆಸ್ಪತ್ರೆಗೆ ನಡೆ."

ಪಂಚರ ಸಮಕ್ಷಮ ಬೀಗ, ರಕ್ತದ ಗೋಣಿ, ಕೈ ತಾಗದಂತೆ ಕಾಯುವ ತಡೆಹಲಗೆ ಕಿತ್ತ ಗರಗಸ ಎಲ್ಲ ಪಂಚನಾಮೆಗೆ ಸೇರಿದವು. ನಾಗಪತಿಯ ದನಿ ಏರಿತು.

"ಕಾಗದವೇ ಇಲ್ಲದವಂಗೆ ಎಂತಾ ಕಾಯ್ದೆ?"

"ಕೆಲಸಕ್ಕೆ ಕರೆಯುವಾಗ ಕಾಗದ ಕೇಳಿದ್ರಾ? ಅವನ ಕಾಗದದ ವಿಚಾರ ನಾನು ಬೇರೆ ವರದಿ ಮಾಡ್ತೆ. ಗಾಯದ ಪರಿಹಾರದ ಕಾಯ್ದೆ ಕೇಳುದು ಕೆಲಸಗಾರನೋ ಅಲ್ಲವೋ ಅಂತ ಮಾತ್ರ. ಏಳಿ."

ಅಕ್ರಮ ಬಂಧನದ ಆರೋಪದಡಿ ನಾಗಪತಿಯನ್ನು ದಸ್ತಗಿರಿ ಮಾಡಲಾಯಿತು. ದಾರಿಯಲ್ಲಿ ಅವನೇ ಬಾಯಿಬಿಟ್ಟ: "ಅವನೊಬ್ಬನ ಕೈಯ ಖರ್ಚಿಗೆ ಹೆದರಿದ್ದಲ್ಲ. ಅವಂಗೆ ಪರಿಹಾರ ಸಿಕ್ಕಿದ್ದು ಕಂಡ್ರೆ ಉಳಿದವರೂ ತಲೆ ಎತ್ತುತ್ತಾರಲ್ಲ, ಅದಕ್ಕೆ ಮುಚ್ಚಿಟ್ಟೆ."

ಮಳೆಗಾಲ ಮುಗಿಯುವ ಹೊತ್ತಿಗೆ ಕಾರವಾರದಲ್ಲಿ ಬಾಬ್ಲೋನ ಪರಿಹಾರ ಮಂಜೂರಾಯಿತು. ಪ್ರಕರಣ ಮುಗಿಯುವ ತನಕ ಇಲ್ಲೇ ಇರಲು ಪರವಾನಿಗೆಯೂ ಸಿಕ್ಕಿತು. ಮರುದಿನ ಠಾಣೆಯ ಅಂಗಳದಲ್ಲಿ ಗದ್ದಲ ಕೇಳಿ ಕಮಲಾಕರ ಹೊರಗೆ ಬಂದ. ಪೊಲೀಸರನ್ನು ಕಂಡರೆ ಗದ್ದೆ ಹಾರಿ ಓಡುತ್ತಿದ್ದ ಗೋವೆಯ ಕೂಲಿಗಳೆಲ್ಲ ತಂತಮ್ಮ ಗಾಯ, ಕೂಲಿಯ ಬಗ್ಗೆ ಹೇಳಿಕೆ ಕೊಡಲು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಗಣಪಿ, ಗಂಜಿಯ ಚರಿಗೆ ಹಿಡಿದು.

"ಒಬ್ಬೊಬ್ಬರೇ ಹೋಗ್ರಾ," ಎಂದು ಗದರುತ್ತಿದ್ದಳು. "ಹುಲಿ ಇವತ್ತು ಕಚ್ಚುದಿಲ್ಲ."