ಒಳಗನ್ನೂ ತೊಳೆಯುವ ಮನೆ

'ನನ್ನ ಮೈ ವಾಸನೆ ಬರುತ್ತದೆಯೇ?'

ಮದುವೆಯಾಗಿ ಮೂರು ತಿಂಗಳಾಗಿದ್ದ ಸೊಸೆ ಡೈರಿಯಲ್ಲಿ ಈ ಒಂದು ಸಾಲು ಬರೆದು, ಯಾರಾದರೂ ನೋಡಿಯಾರೆಂದು ತಾನೇ ಅದರ ಮೇಲೆ ಗೀಟು ಹಾಕಿದಳು. ಪದವಿ ಪಡೆದವಳು, ಆದರೆ ನಾಲ್ಕು ಜನರ ಮುಂದೆ ತುಟಿ ಬಿಚ್ಚಲಾರದವಳು! ಮದುವೆಯಾದ ವಾರಕ್ಕೇ ಅತ್ತೆ ಅವಳ ಕೈಗೊಂದು ರಬ್ಬರ್ ಪಿಚಕಾರಿ ಕೊಟ್ಟು, "ಆ ಜಾಗಾನ ಹೊರಗೆ ತೊಳೆದ್ರೆ ಸಾಲದು, ಒಳಗೂ ಔಷಧಿ ನೀರು ಹಾಯಿಸ್ಬೇಕು. ಈ ಮನೆ ಹೆಂಗಸರು ಹಾಗೇ ಇರೋದು" ಎಂದಿದ್ದರು. ಅವರು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಕತ್ತರಿ, ಚಿಮಟಗಳನ್ನು ತೊಳೆದು ಕುದಿಸಿ ನಿವೃತ್ತರಾದವರು. ಶುಚಿಯ ವಿಷಯದಲ್ಲಿ ಅವರಾಡಿದ್ದೇ ಮಾತು. ಸೊಸೆ ತೊಳೆದಿದ್ದಳು. ಉರಿದಿತ್ತು. ಬಿಳಿ ಹೋಗುವುದು ಹೆಚ್ಚಾಗಿ ವಾಸನೆಯೂ ಶುರುವಾದಾಗ ಅತ್ತೆ ಮೂಗು ಮುರಿದು, "ನೆಟ್ಟಗೆ ತೊಳೀತಿಲ್ಲ ನೀನು" ಎಂದಿದ್ದರು. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೆರಡು ಸಲವಾಗಿತ್ತು... ಗಂಡನ ಮುಂದೆಯೂ ಅವಳು ಬಾಯಿ ಬಿಟ್ಟಿರಲಿಲ್ಲ.

ಕೊನೆಗೊಂದು ದಿನ ಕಿಬ್ಬೊಟ್ಟೆ ನೋವು ತಡೆಯಲಾರದೆ, ಲೈಬ್ರರಿಗೆಂದು ಸುಳ್ಳು ಹೇಳಿ ಲೇಡಿ ಡಾಕ್ಟರ ಬಳಿ ಹೋದಳು. ಪರೀಕ್ಷೆ ಮಾಡಿದ ಆಕೆ ಹಣೆ ಚಚ್ಚಿಕೊಂಡರು.

"ಯಾರಮ್ಮಾ ಇದನ್ನ ಹೇಳ್ಕೊಟ್ಟಿದ್ದು? ಆ ಜಾಗ ತನ್ನನ್ನ ತಾನೇ ಶುಚಿ ಮಾಡ್ಕೊಳ್ಳುತ್ತೆ. ಅಲ್ಲಿ ಕಾವಲಿಗಿರೋ ಒಳ್ಳೇ ಕ್ರಿಮಿಗಳನ್ನೇ ತೊಳೆದು ಓಡಿಸಿದೀಯಲ್ಲ! ಸೋಂಕು ಗರ್ಭಕೋಶಕ್ಕೆ ಏರಿದ್ರೆ ಏನು ಗತಿ? ಮಾತ್ರೆ ಪೂರ್ತಿ ಮುಗಿಸು. ಇನ್ಮೇಲೆ ಹೊರಗಷ್ಟೇ, ಬರೀ ನೀರು. ಒಳಗೆ ಏನೂ ಬೇಡ."

ಅವಳು ಮಾತ್ರೆಗಳನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ನುಂಗಿದಳು. ಅತ್ತೆಗೆ ಕೇಳಿಸಲೆಂದು ಔಷಧಿ ನೀರನ್ನು ಬಚ್ಚಲಿಗೆ ಸದ್ದಾಗುವಂತೆ ಚೆಲ್ಲಿ ಬಂದಳು. ಸದ್ಯ, ಜಗಳವಿಲ್ಲದೆ ಗಂಡಾಂತರ ಕಳೆಯಿತು ಎಂದುಕೊಳ್ಳುವಷ್ಟರಲ್ಲಿ ಒಂದು ಬೆಳಿಗ್ಗೆ ಬಚ್ಚಲಿನಿಂದ ಅತ್ತೆಯ ದನಿ ಕೇಳಿತು.

"ಬಾರೇ ಇಲ್ಲಿ! ಇನ್ನೈದು ದಿನಕ್ಕೆ ಮದುವೆ ಇಟ್ಕೊಂಡು ಇನ್ನೂ ಹಾಸಿಗೆ ಬಿಟ್ಟಿಲ್ಲ."

ಕರೆದದ್ದು ಸೊಸೆಯನ್ನಲ್ಲ, ಮದುವೆ ಗೊತ್ತಾಗಿದ್ದ ಮಗಳನ್ನು. ಟವೆಲು ಇಡಲು ಬಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಹೊಸ ಪಿಚಕಾರಿ ಬಿಚ್ಚಿಟ್ಟು, ಎರಡು ಮುಚ್ಚಳ ಔಷಧಿಯನ್ನು ಮಗ್ಗಿಗೆ ಸುರಿದರು. ಸಾಲದೆಂಬಂತೆ ಇನ್ನೊಂದು ಮುಚ್ಚಳ. ಘಾಟು ಮೂಗಿಗೆ ಅಡರಿತು.

"ನಾನೇನು ಚರಂಡೀನಾಮ್ಮ, ಈ ಪಾಟಿ ತೊಳೆಯೋಕೆ?" ನಾದಿನಿ ನಕ್ಕಳು.

"ಬಾಯ್ಮುಚ್ಚು. ನಿನ್ನ ಅತ್ತಿಗೆ ಥರ ನಾರ್ಕೊಂಡು ಹೋಗಿ ನನ್ನ ಮರ್ಯಾದೆ ಕಳೀಬೇಡ."

ಸೊಸೆಯ ಮುಖ ಅವಮಾನದಿಂದ ಕೆಂಪಾಯಿತು. ಎಂದಿನಂತೆ ಕಾಲು ಕೋಣೆಯತ್ತ ತಿರುಗಿತು. ಆಗ ನಾದಿನಿ ನಗು ನಿಲ್ಲಿಸಿ, ಮೆಲ್ಲಗೆ ಕೇಳಿದಳು: "ಅತ್ತಿಗೆ... ಉರಿಯುತ್ತಾ?"

'ಇಲ್ಲ' ಎಂದರೆ ಮುಗಿಯಿತು, ಮದುವೆ ಮನೆಯಲ್ಲಿ ರಂಪವಿಲ್ಲ. ಆದರೆ ಈ ಹುಡುಗಿ? ತಾನು ಮುದುಡಿ ಮಲಗಿ, ಹಲ್ಲು ಕಚ್ಚಿ ನುಂಗಿದ ನೋವನ್ನು ಇವಳೂ ಗುರುತಿಲ್ಲದ ಮನೆಯಲ್ಲಿ ಒಬ್ಬಳೇ ನುಂಗಬೇಕೇ?

"ಅವಳನ್ನೇನು ಕೇಳ್ತೀಯ?" ಅತ್ತೆ ಗದರಿದರು. ಮರುಕ್ಷಣ ಅವರ ದನಿ ಒಡೆಯಿತು. "ನಂಜಾಗಿ ಕಣ್ಣೆದುರೇ ಸತ್ತ ಬಾಣಂತಿಯರನ್ನ ನೋಡಿದೀನಿ ಕಣೇ. ನನ್ನ ಮಗಳಿಗೆ ಹಾಗಾಗಬಾರದು. ನಾನು ಕುದಿಸಿದ ಕತ್ತರಿಯಿಂದ ಇವತ್ತಿನವರೆಗೂ ಒಬ್ಬಳಿಗೂ ನಂಜಾಗಿಲ್ಲ!"

"ಕತ್ತರಿ ಕಬ್ಬಿಣ, ಅತ್ತೆ..."

ಅದು ತನ್ನದೇ ದನಿಯೆಂದು ಸೊಸೆಗೇ ನಂಬಲಾಗಲಿಲ್ಲ.

"ಏನಂದೆ?" ಮಗ್ಗು ಹಿಡಿದ ಕೈ ಅಲ್ಲೇ ನಿಂತಿತು.

ಸೊಸೆ ಬಚ್ಚಲೊಳಗೆ ಕಾಲಿಟ್ಟು, ನಾದಿನಿಯ ಕೈ ಹಿಡಿದು ತನ್ನ ಬೆನ್ನ ಹಿಂದಕ್ಕೆಳೆದುಕೊಂಡಳು. ಕಣ್ಣೀರಿನಲ್ಲಿ ಅತ್ತೆಯ ಮುಖವೇ ಕಾಣುತ್ತಿರಲಿಲ್ಲ... ಆದರೂ ಅವಳು ತಲೆ ತಗ್ಗಿಸಲಿಲ್ಲ.

"ಉರಿಯುತ್ತೆ. ನಾನು ಲೈಬ್ರರಿಗೆ ಹೋಗಿರಲಿಲ್ಲ ಅತ್ತೆ, ಡಾಕ್ಟರ ಹತ್ರ ಹೋಗಿದ್ದೆ. ನಂಗೆ ಸೋಂಕಾಗಿತ್ತು... ತೊಳೀದೆ ಅಲ್ಲ, ತೊಳೆದೂ ತೊಳೆದೂ!"